ಮಂಗಳ ಹಾಡದ ಆಟ

ಮಗಳು ಅಡುಗೆಮನೆಯಲ್ಲಿ ಬಿಳಿ ಬಣ್ಣದ ಪುಡಿಗೆ ತೆಂಗಿನೆಣ್ಣೆ ಹಾಕಿ ಕಲಸುತ್ತಿದ್ದಳು. ಮೊಮ್ಮಗಳ ಶಾಲೆಯಲ್ಲಿ ವೇಷದ ಸ್ಪರ್ಧೆ. ಅವಳಿಗೆ ಯಕ್ಷಗಾನದ ರಾಜನಾಗಬೇಕಂತೆ. ನಾನು ಊರಿನಿಂದ ಬಂದು ಉಳಿದಿದ್ದ, ಬಹರೈನಿನ ಹೂರಾದ ಆ ಫ್ಲಾಟಿನಲ್ಲಿ ಏಸಿ ಹಾಕಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ವಾಸನೆ ಹೊರಗೆ ಹೋಗದೆ ಕೋಣೆಯಿಂದ ಕೋಣೆಗೆ ಸುತ್ತಿ ನಾನು ಕುಳಿತಲ್ಲಿಗೆ ಬಂತು. ಒಂಬತ್ತು ವರ್ಷಗಳಿಂದ ನಾನು ತಪ್ಪಿಸಿಕೊಂಡು ಓಡಾಡಿದ ವಾಸನೆ ಅದು. ಊರಲ್ಲಿ ಯಕ್ಷಗಾನದ ಆಟ ಇದ್ದರೆ ವೇಷದವರು ಬಣ್ಣ ಹಚ್ಚುವ ಚೌಕಿಯ ಬದಿಯ ದಾರಿಯನ್ನೇ ಬಿಟ್ಟು ಹೋಗುತ್ತಿದ್ದೆ.

“ಅಪ್ಪ, ನಿಮಗೆ ಬರ್ತದಲ್ಲ, ನೀವೇ ಹಚ್ಚಿ,” ಎಂದು ಮಗಳು ಬಟ್ಟಲನ್ನು ತಂದು ಕೈಗೆ ಕೊಟ್ಟಳು. ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದೆ. ಕಣ್ಣಿಗೆ ಏನೂ ಆಗಿರಲಿಲ್ಲ.

ಅದರ ಹಿಂದಿನ ದಿನ ಇನ್ನೊಂದು ಸಂಗತಿ ನಡೆದಿತ್ತು. ಕಟ್ಟಡದ ಕೆಳಗೆ ಒಂದು ಕೋಲ್ಡ್ ಸ್ಟೋರ್ ಇದೆ. ಇಲ್ಲಿ ದಿನಸಿ ಅಂಗಡಿಗೆ ಹಾಗೆ ಹೇಳುತ್ತಾರೆ. ಅಲ್ಲಿ ಕೂರುವ ಹುಡುಗ ಉಳ್ಳಾಲದ ಕಡೆಯವನು, ಇಪ್ಪತ್ತು ದಾಟಿರಬಹುದು. ನಕ್ಕರೆ ಎಡಗಣ್ಣು ಮಾತ್ರ ಮುಚ್ಚುತ್ತದೆ. ಆ ಕಣ್ಣನ್ನು ಎಲ್ಲೋ ನೋಡಿದ್ದೇನೆ ಎನಿಸಿ, ತಂದೆಯ ಹೆಸರೇನು ಎಂದು ಕೇಳಿದೆ. ಇದಿನಬ್ಬ ಅಂದ. ಸಲ್ಮಾಬಾದಿನಲ್ಲಿ ಕೆಲಸದಲ್ಲಿದ್ದರು, ನಾನು ಚಿಕ್ಕವನಿರುವಾಗ ತೀರಿಹೋದರು ಅಂದ. ಕೊಂಡ ಬ್ರೆಡ್ಡನ್ನು ಅಲ್ಲೇ ಬಿಟ್ಟು ನಾನು ಮೇಲೆ ಬಂದುಬಿಟ್ಟೆ.

ಹೇಳಬೇಕಾದದ್ದು ಇದಿನಬ್ಬ ತೀರಿಹೋದ ವರ್ಷದ ಬೇಸಿಗೆಯಿಂದ ಚಳಿಗಾಲದವರೆಗಿನ ಕಥೆ. ಬಿಸಿಲಿನ ತಿಂಗಳುಗಳಲ್ಲಿ ನಡು ಮಧ್ಯಾಹ್ನ ಬಯಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದು ಎಂಬ ಕಾನೂನು ಬಹರೈನಿನಲ್ಲಿ ಆಗಷ್ಟೇ ರೂಢಿಗೆ ಬರುತ್ತಿತ್ತು. ಸಲ್ಮಾಬಾದಿನಲ್ಲಿ ಏಸಿಯ ಗಾಳಿ ಸಾಗಿಸುವ ತಗಡಿನ ಡಕ್ಟ್ ಮಾಡುವ ಒಂದು ವರ್ಕ್‌ಶಾಪಿನಲ್ಲಿ ನಾನು ಸ್ಟೋರು ನೋಡಿಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದ್ದಕ್ಕೆ ಸಿಕ್ಕಿದ ಕೆಲಸ. ನಮ್ಮ ಫೋರ್ಮನ್ ಶೀನಣ್ಣ, ಬ್ರಹ್ಮಾವರದ ಕಡೆಯವರು, ಮದುವೆಯಾಗದವರು, ಬಾಯಿ ಜೋರು. ಅವರನ್ನು ಕ್ಯಾಂಪಿನಲ್ಲಿ ಇಷ್ಟಪಟ್ಟವರು ಕಡಿಮೆ. ತಡವಾಗಿ ಬಂದವನನ್ನು ಗೇಟಿನಲ್ಲೇ ನಿಲ್ಲಿಸುವರು, ಊಟದ ಹಾಲಿನಲ್ಲಿ ಅನ್ನ ಚೆಲ್ಲಿದರೆ ಎಲ್ಲರ ಎದುರು ಬೈಯುವರು. “ದೊರೆ ಬಂದ,” ಎಂದು ಹುಡುಗರು ಬೆನ್ನ ಹಿಂದೆ ಗೇಲಿ ಮಾಡುತ್ತಿದ್ದರು.

ಆದರೆ ಶುಕ್ರವಾರ ಊಟದ ನಂತರ ಅದೇ ಹಾಲಿನಲ್ಲಿ ಬೆಂಚು ಬದಿಗೆ ಸರಿಸಿ ನಾವು ಯಕ್ಷಗಾನ ಮಾಡುತ್ತಿದ್ದೆವು. ಆಗ ಅವರು ನಿಜವಾಗಿಯೂ ದೊರೆ. ಅವರ ರಾಜವೇಷಕ್ಕೆ ರಾಜಧಾನಿ ಮನಾಮಾದ ದೊಡ್ಡ ಕಂಪೆನಿಗಳ ಇಂಜಿನಿಯರುಗಳೂ ಬಂದು ನೆಲದ ಮೇಲೆ ಕೂರುವರು. ನನಗೆ ಅರ್ಥಗಾರಿಕೆ ಕಲಿಸಿದ್ದು ಶೀನಣ್ಣನೇ. ಭಾಗವತರು ಹಾಡಿದ ಪದಕ್ಕೆ ವೇಷಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳಬೇಕಲ್ಲ, ಆ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಅವರು ಹೇಳುತ್ತಿದ್ದ ಒಂದು ಸಂಗತಿ ಕಿರೀಟದ ದಾರಕ್ಕೂ ಮಾತಿಗೂ ಸೇರಿದ್ದು. ಕಿರೀಟವನ್ನು ಬಿಗಿಯಾಗಿ ಕಟ್ಟಬೇಕು, ಆದರೆ ಗಂಟು ಜಾರುಗಂಟೇ ಆಗಬೇಕು. ವೇಷದೊಳಗೆ ಸೆಕೆಗೆ ತಲೆ ತಿರುಗಿದರೆ ಒಂದೇ ಎಳೆತಕ್ಕೆ ಬಿಚ್ಚಿಬರಬೇಕು. “ಮಾತಲ್ಲೂ ಹಾಗೆಯೇ ವಾಸು. ಎದುರಿನವನನ್ನು ಎಷ್ಟು ಬೇಕಾದ್ರೂ ಬಿಗಿ. ಹೊರಗೆ ಬರ್ಲಿಕ್ಕೆ ಒಂದು ಎಳೆ ಅವನ ಕೈಗೆ ಬಿಡು. ಇಲ್ಲದಿದ್ರೆ ಅದು ಆಟ ಅಲ್ಲ, ಕೊಲೆ.” ಅವರ ಕಿರೀಟ ಕಟ್ಟುವ ಕೆಲಸ ಯಾವಾಗಲೂ ನನ್ನದು.

ದೂತನ ವೇಷ, ಬಾಗಿಲು ಕಾಯುವವನ ಹಾಸ್ಯ ಇದಿನಬ್ಬನದು. ಡಕ್ಟ್ ಜೋಡಿಸುವವರಲ್ಲಿ ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಮ್ಮೆ ಒಡ್ಡೋಲಗದಲ್ಲಿ ಶೀನಣ್ಣ ರಾಜಗಾಂಭೀರ್ಯದಿಂದ, “ಎಲವೋ ಚಾರಕ, ರಾಜ್ಯದಲ್ಲಿ ಪ್ರಜೆಗಳು ಕ್ಷೇಮವೇ?” ಎಂದು ಕೇಳಿದರು. ಅವನು ಕೈಮುಗಿದು, “ಕ್ಷೇಮ ಪ್ರಭೂ. ಎರಡು ವರ್ಷಕ್ಕೊಮ್ಮೆ ಊರಿಗೆ ಬಿಡುವುದರಿಂದ ಹೆಂಡತಿಯರೂ ಕ್ಷೇಮ,” ಎಂದ. ಶೀನಣ್ಣ ವೇಷದಲ್ಲಿರುವಾಗ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ವರ್ಷ ಉಪವಾಸದ ತಿಂಗಳು ಆಗಸ್ಟಿನ ಕೊನೆಗೆ ಶುರುವಾಗಿತ್ತು. ಸಮುದ್ರದ ಹಸಿ ಗಾಳಿ ಬಿಸಿಲಿನೊಂದಿಗೆ ಸೇರಿ ಒದ್ದೆ ಬಟ್ಟೆಯನ್ನು ಮುಖಕ್ಕೆ ಮುಚ್ಚಿದಂತೆ ಇರುವ ದಿನಗಳು. ನಮ್ಮ ಶೆಡ್ಡಿನ ಮಾಡಿನ ಮೇಲೇ ಕೆಲಸ ನಡೆಯುತ್ತಿತ್ತು. ಒಂದು ದಿನ ಹನ್ನೆರಡಕ್ಕೆ ಎಲ್ಲರೂ ಇಳಿದರು. ಮಧ್ಯಾಹ್ನ ಬೀಗ ಹಾಕುವ ಮೊದಲು ಎಲ್ಲ ಹತಾರಗಳೂ ತಮ್ಮ ತಮ್ಮ ಮೊಳೆಗೆ ಬಂದಿರಬೇಕು ಎಂಬುದು ಸ್ಟೋರಿನ ಕ್ರಮ. ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತು. ಡ್ರಿಲ್ ಮಷೀನು ಮೇಲೆಯೇ ಉಳಿದಿತ್ತು. ನನಗೆ ಹಸಿವಾಗಿತ್ತು, ಬೀಗ ಹಾಕಿ ಹೋಗುವ ಅವಸರ. ಇದಿನಬ್ಬ ಗೋಡೆಯ ನೆರಳಿನಲ್ಲಿ ಒರಗಿ ಕುಳಿತಿದ್ದ.

“ಇದಿನಬ್ಬ, ಒಂದು ಸರ್ತಿ ಹತ್ತಿ ತಾ ಮಾರಾಯ. ಎರಡು ನಿಮಿಷದ ಕೆಲಸ.”

ಅವನು ಮೇಲೆ ನೋಡಿದ. “ಉಪವಾಸ ಅಲ್ವಾ ವಾಸಣ್ಣ, ನಾಲ್ಕು ಗಂಟೆಗೆ ತರ್ತೇನೆ,” ಎಂದ. ನಾನು ಬೀಗದ ಕೈಯನ್ನು ಅಲ್ಲಾಡಿಸಿ ತೋರಿಸಿದೆ. ಅವನು ನಕ್ಕು ಎದ್ದ. ಏಣಿ ಕಾದಿದ್ದರಿಂದ ಅಂಗಿಯ ತೋಳನ್ನು ಅಂಗೈಗೆ ಎಳೆದುಕೊಂಡು ಹತ್ತಿದ.

ಮೇಲೆ ಡ್ರಿಲ್ಲು ಎಲ್ಲಿತ್ತೋ, ಹುಡುಕಿದನೋ, ಕೂತನೋ ಗೊತ್ತಿಲ್ಲ. ಎರಡು ನಿಮಿಷದಲ್ಲಿ ಬರಲಿಲ್ಲ. ಬಂದಾಗ ಮುಖದಲ್ಲಿ ಬೆವರೇ ಇರಲಿಲ್ಲ. ಅದನ್ನು ನಾನು ಗಮನಿಸಿದೆ. ಬಿಸಿಲು ಹೊಡೆದರೆ ಬೆವರು ನಿಲ್ಲುತ್ತದೆ ಎಂದು ಆಗ ತಿಳಿದಿರಲಿಲ್ಲ. ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟು, “ತಲೆ ಒಂಥರಾ ಆಗ್ತಾ ಉಂಟು,” ಎಂದು ಬಾಗಿಲ ಬಳಿ ಕುಸಿದು ಕುಳಿತ. ನಾನು ಡ್ರಿಲ್ಲನ್ನು ಒರೆಸಿ ಮೊಳೆಗೆ ತೂಗುಹಾಕಿದೆ. ಬಾಗಿಲು ಎಳೆದು ಬೀಗ ಹಾಕಿದೆ. ಆಮೇಲೆ ಅವನ ಕಡೆ ತಿರುಗಿದೆ. ಈ ಮೂರು ಕೆಲಸಗಳನ್ನು ನಾನು ಇದೇ ಕ್ರಮದಲ್ಲಿ ಮಾಡಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಅವನು ಆಸ್ಪತ್ರೆಯಲ್ಲಿ ಎಚ್ಚರವಾಗದೆಯೇ ತೀರಿಕೊಂಡ. ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಶೆಡ್ಡಿಗೆ ಬಂದು ತಡೆ ಇರುವ ಹೊತ್ತಿನಲ್ಲಿ ಅವನನ್ನು ಮೇಲೆ ಹತ್ತಿಸಿದವರು ಯಾರು ಎಂದು ಕೇಳಿದ. ಎಲ್ಲರೂ ಸಾಲಾಗಿ ನಿಂತಿದ್ದೆವು. ಶೀನಣ್ಣ ಅಂದು ಆ ಹೊತ್ತಿಗೆ ಶೆಡ್ಡಿನಲ್ಲೇ ಇರಲಿಲ್ಲ. ಆದರೂ ಅವರು ಒಮ್ಮೆ ಸ್ಟೋರಿನ ಬೀಗವನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ನಾನು ಕಳಿಸಿದ್ದು,” ಎಂದು ಅವರು ಹಿಂದಿಯಲ್ಲಿ ಹೇಳಿದರು.

ಸಂಜೆ ಅವರ ಕೋಣೆಗೆ ಹೋದೆ. ಅವರು ಅಂಗಿ ಇಸ್ತ್ರಿ ಮಾಡುತ್ತಿದ್ದರು. ಏನು ಹೇಳಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತೆ. “ನಿನ್ನ ಇಬ್ಬರು ಹೆಣ್ಣುಮಕ್ಕಳ ಮದುವೆ ಆಗ್ಲಿಕ್ಕೆ ಉಂಟು. ನನಗೆ ಯಾರಿದ್ದಾರೆ?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆಳು ಮಾಡಿದ್ದಕ್ಕೆ ಅರಸ ಹೊಣೆ. ಹೋಗು, ಊಟ ಮಾಡು,” ಎಂದರು. ನಾನು ಹೋಗಿ ಊಟ ಮಾಡಿದೆ.

ಕ್ಯಾಂಪು ಅವರನ್ನು ದ್ವೇಷಿಸತೊಡಗಿತು. ಮೊದಲಿನದು ಬರೀ ಗೇಲಿ, ಈಗಿನದು ಬೇರೆ. ಅವರು ಊಟಕ್ಕೆ ಕೂತ ಬೆಂಚಿನಿಂದ ಜನ ಎದ್ದುಹೋಗುತ್ತಿದ್ದರು. ಯಾರೋ ಅವರ ಚಪ್ಪಲಿಯನ್ನು ಚರಂಡಿಗೆ ಎಸೆದರು. ನಾನು ಅವರ ಎದುರು ಕುಳಿತುಕೊಳ್ಳುತ್ತಿದ್ದೆ ಎಂದು ಬರೆಯಲು ಆಸೆಯಾಗುತ್ತದೆ. ಕುಳಿತುಕೊಳ್ಳಲಿಲ್ಲ.

ಸೆಕೆ ಇಳಿದು ಅಕ್ಟೋಬರಿನ ಗಾಳಿ ಬಂದಾಗ ಆ ವರ್ಷ ಯಾವ ಆಟ ಎಂಬ ಮಾತು ಎದ್ದಿತು. ಶೀನಣ್ಣನೇ ಒಂದು ಹೊಸ ಕಥೆ ಹೇಳಿದರು. ಎಷ್ಟೋ ನೂರು ವರ್ಷಗಳ ಹಿಂದೆ ಘಟ್ಟದ ಕೆಳಗೆ ಒಬ್ಬ ಅರಸ. ಕೋಟೆ ಕಟ್ಟಿಸುವ ಹುಚ್ಚಿನಲ್ಲಿ ಪ್ರಜೆಗಳ ಪ್ರೀತಿ ಕಳೆದುಕೊಂಡವನು. ಅವನ ಕೈಕೆಳಗಿನ ಸೀಮೆಗಳ ಬಲ್ಲಾಳರು ಒಟ್ಟಾಗಿ ದಂಗೆ ಎದ್ದು, ಕತ್ತಿ ಹಿರಿದು ಓಲಗಕ್ಕೇ ನುಗ್ಗುತ್ತಾರೆ. ವಾದ ನಡೆಯುತ್ತದೆ. ಕೊನೆಗೆ ಹಿರಿಯ ಬಲ್ಲಾಳ ಕತ್ತಿಯನ್ನು ನೆಲಕ್ಕಿಟ್ಟು, “ಪ್ರಭೂ, ತಪ್ಪು ನಿಮ್ಮೊಬ್ಬರದಲ್ಲ, ನನ್ನದೂ ಇದೆ,” ಎನ್ನುತ್ತಾನೆ. ಆ ಮಾತಿಗೆ ಅರಸ ಕರಗಿ, ದೇವರೆದುರು ಆಣೆ ಮಾಡಿ, ಧರ್ಮದಿಂದ ಆಳುತ್ತೇನೆ ಎನ್ನುತ್ತಾನೆ. ಮಂಗಳ. ನಮ್ಮ ಭಾಗವತರು ಗೋಪಾಲ ಭಟ್ಟರು, ಒಂದು ಆಫೀಸಿನಲ್ಲಿ ಅಕೌಂಟೆಂಟ್. ಅವರು ಅದಕ್ಕೆ ಪದಗಳನ್ನು ಕಟ್ಟಿದರು.

ಹಿರಿಯ ಬಲ್ಲಾಳನ ವೇಷವನ್ನು ಶೀನಣ್ಣ ನನಗೆ ಕೊಟ್ಟರು. ಅಭ್ಯಾಸದಲ್ಲಿ ಉಳಿದ ಮಾತುಗಳನ್ನು ನನ್ನ ಇಷ್ಟಕ್ಕೆ ಬಿಟ್ಟರು. ಆ ಕೊನೆಯ ಮಾತನ್ನು ಮಾತ್ರ ಪ್ರತಿ ಶುಕ್ರವಾರವೂ ಹೇಳಿಸಿದರು. ನಾನು ಓಡಿಸಿಕೊಂಡು ಹೇಳಿದರೆ ತಡೆಯುವರು. “ನಿಧಾನ ಹೇಳು. ಅದನ್ನು ಹೇಳುವಾಗ ಬಲ್ಲಾಳನಿಗೆ ಸುಲಭ ಆಗಬಾರದು. ಹೇಳಿದ ಮೇಲೆ ಸುಲಭ ಆಗಬೇಕು.” ಇದು ಆಟದ ಸಂಗತಿ ಎಂದೇ ನಾನು ತಿಳಿದಿದ್ದೆ. ಅಥವಾ ಹಾಗೆ ತಿಳಿದುಕೊಳ್ಳುವುದು ಸುಖವಾಗಿತ್ತು.

ಎರಡನೆಯ ಬಲ್ಲಾಳ ಉದಯ, ಕಾರ್ಕಳದ ಕಡೆಯ ಎಲೆಕ್ಟ್ರಿಷಿಯನ್. ಇದಿನಬ್ಬನ ಕೋಣೆಯಲ್ಲೇ ಇದ್ದವನು. ಅವನೂ ಉಳಿದ ಬಲ್ಲಾಳರೂ ಒಂದು ದಿನ ನನ್ನನ್ನು ಸಲ್ಮಾಬಾದಿನ ಚಹಾದ ಅಂಗಡಿಗೆ ಕರೆದುಕೊಂಡು ಹೋದರು. ಈ ಆಟದಲ್ಲಿ ಅರಸನಿಗೆ ಸಿಂಹಾಸನ ತಿರುಗಿ ಕೊಡುವುದು ಬೇಡ ಎಂದು ಅವರು ನಿಶ್ಚಯಿಸಿದ್ದರು. ಮುದೀರ್ ಸಂಗತಿಯನ್ನು ಅಲ್ಲಿಗೇ ಮುಚ್ಚಿಹಾಕಿದ್ದ, ಅವನ ಹತ್ತಿರ ಕೇಳಿ ಪ್ರಯೋಜನವಿಲ್ಲ. ಇದಿನಬ್ಬನ ಸಾವಿನ ಲೆಕ್ಕವನ್ನು ರಂಗದ ಮೇಲೆ, ಸಾವಿರ ಕಣ್ಣುಗಳ ಎದುರು ಕೇಳಬೇಕು. ವೇಷದ ಬಾಯಿಂದ ಬಂದ ಮಾತಿಗೆ ಯಾರ ಮೇಲೂ ಕೇಸು ಮಾಡಲಿಕ್ಕಾಗುವುದಿಲ್ಲ.

“ನಮ್ಗೆಲ್ಲ ಅಷ್ಟು ಮಾತು ಬರುದಿಲ್ಲ,” ಎಂದ ಉದಯ. “ನೀವೇ ಕೇಳ್ಬೇಕು ವಾಸಣ್ಣ. ಇದಿನಬ್ಬನಿಗೆ ಬೇಕಾಗಿ.”

ಅವನ ಕಣ್ಣು ತುಂಬಿತ್ತು. ಆಗ ಹೇಳಬಹುದಿತ್ತು. ಚಹಾದ ಲೋಟ ಕೈಯಲ್ಲಿತ್ತು, ಸುತ್ತ ಇದ್ದವರೆಲ್ಲ ನನ್ನ ಮಿತ್ರರು. “ಕೇಳ್ತೇನೆ,” ಎಂದೆ. ಹೇಳಿದ ಮೇಲೆ ಒಂದು ವಿಚಿತ್ರ ಆಯಿತು. ನನಗೆ ನಿಜವಾಗಿಯೂ ಶೀನಣ್ಣನ ಮೇಲೆ ಸಿಟ್ಟು ಬರತೊಡಗಿತು. ದಿನ ಕಳೆದಂತೆ ಉದಯನಿಗಿಂತ ನನ್ನದೇ ಸಿಟ್ಟು ಹೆಚ್ಚಾಯಿತು. ಅವರು ನನ್ನನ್ನು ಕಾಪಾಡಿದ್ದೇ ನನಗೆ ಸಹಿಸಲಾಗದ ಅಪರಾಧವಾಗಿ ಕಂಡಿತು.

ಜನವರಿಯ ಒಂದು ಶುಕ್ರವಾರ ಮನಾಮಾದ ಒಂದು ಹಾಲಿನಲ್ಲಿ ಆಟ. ಪಕ್ಕದ ದ್ವೀಪ ಮುಹರ್ರಕ್ಕಿನಿಂದಲೂ ಸಂಸಾರ ಸಮೇತ ಜನ ಬಂದಿದ್ದರು. ನಮ್ಮ ಕ್ಯಾಂಪಿನವರು ಹಿಂದಿನ ಸಾಲುಗಳಲ್ಲಿ ತುಂಬಿದ್ದರು. ಚೌಕಿಯಲ್ಲಿ ಬಣ್ಣದ, ತೆಂಗಿನೆಣ್ಣೆಯ, ಬೆವರಿದ ಜರಿಯ ವಾಸನೆ. ಶೀನಣ್ಣ ಕನ್ನಡಿಯ ಎದುರು ಕುಳಿತು ತಲೆ ಬಗ್ಗಿಸಿದರು. ನಾನು ಬಲ್ಲಾಳನ ವೇಷದಲ್ಲೇ ಅವರ ಹಿಂದೆ ನಿಂತು ಕಿರೀಟ ಕಟ್ಟಿದೆ.

“ಜಾರುಗಂಟು ತಾನೇ?”

“ಹೌದು ಶೀನಣ್ಣ.”

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬಣ್ಣ ಹಚ್ಚಿದ ಮುಖದಲ್ಲಿ ಭಾವ ತಿಳಿಯುವುದು ಕಷ್ಟ. ಅವರಿಗೆ ಎಲ್ಲ ಗೊತ್ತಿತ್ತು ಎಂದು ಈಗ ನನಗನಿಸುತ್ತದೆ. ಕ್ಯಾಂಪಿನಲ್ಲಿ ಯಾವ ಗುಟ್ಟು ನಿಲ್ಲುತ್ತದೆ?

ಆಟ ಚೆನ್ನಾಗಿಯೇ ನಡೆಯಿತು. ದೂತನ ವೇಷಕ್ಕೆ ಬೇರೆ ಯಾರೂ ಒಪ್ಪಿರಲಿಲ್ಲ. ದೂತ ಬರಬೇಕಾದಲ್ಲಿ ಭಟ್ಟರು ಎರಡು ಸಾಲು ಹಾಡಿ, ಬಲ್ಲಾಳರು ದಂಗೆ ಎದ್ದ ಸುದ್ದಿಯನ್ನು ತಾವೇ ಹೇಳಿದರು. ಅಷ್ಟು ಹೊತ್ತು ಅರಸ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದ. ಆಮೇಲೆ ನಾವು ಕತ್ತಿ ಹಿಡಿದು ನುಗ್ಗಿದೆವು, ಚೆಂಡೆ ಮೊಳಗಿತು, ವಾದ ಕಾವೇರಿತು. ಕತ್ತಿ ಕೆಳಗಿಡುವ ಜಾಗ ಬಂತು. ಭಟ್ಟರು ಪದ ಮುಗಿಸಿ ನನ್ನತ್ತ ನೋಡಿದರು. ನಾನು ಕತ್ತಿ ಕೆಳಗಿಡಲಿಲ್ಲ.

“ಪ್ರಭೂ, ಒಂದೇ ಪ್ರಶ್ನೆ. ಸುಡುವ ಬಿಸಿಲಿನಲ್ಲಿ, ವ್ರತದಲ್ಲಿದ್ದ ಒಬ್ಬ ಬಡ ಆಳನ್ನು ಕೋಟೆಯ ನೆತ್ತಿಗೆ ಹತ್ತಿಸಿದವರು ಯಾರು?”

ಹಿಂದಿನ ಸಾಲುಗಳವರು ಮುಂದಕ್ಕೆ ಬಾಗಿದರು. ಮುಂದಿನ ಸಾಲಿನವರು ಕಥೆಯೆಂದೇ ಕೇಳುತ್ತಿದ್ದರು. ಭಟ್ಟರು ಗಾಬರಿಯಾಗಿ ಮುಂದಿನ ಪದ ಎತ್ತಿಕೊಂಡರು. ಶೀನಣ್ಣ ಕೈ ಎತ್ತಿ ತಡೆದರು. ಚೆಂಡೆಯೂ ನಿಂತಿತು. ಅವರು ಮೆಲ್ಲನೆ ಹೇಳಿದರು.

“ಬಲ್ಲಾಳರೇ, ಇದಕ್ಕೆ ಉತ್ತರ ಗೊತ್ತಿರುವವರು ಈ ಸಭೆಯಲ್ಲಿ ಇಬ್ಬರು. ಅರಸ ಹೇಳುವುದಿಲ್ಲ.”

ಹೇಳಿ, ಕಾದರು. ಅವರ ಹುಬ್ಬಿನ ಕಪ್ಪು ಬೆವರಿಗೆ ಕರಗಿ ಕಣ್ಣಿನೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎಳೆಯನ್ನು ನನ್ನ ಕೈಗೆ ಕೊಟ್ಟು ಅವರು ನಿಂತಿದ್ದರು. ನಾನು ಎಳೆದರೆ ಸಾಕಿತ್ತು, ಅಭ್ಯಾಸದಲ್ಲಿ ಎಷ್ಟೋ ಸಲ ಹೇಳಿದ ಮಾತು, ಬಾಯಿಗೆ ಬಂದೇ ಇತ್ತು.

“ಅರಸ ಹೇಳದಿದ್ದರೆ ಪ್ರಜೆಗಳಿಗೆ ತಿಳಿಯುವುದಿಲ್ಲವೇ?” ಎಂದೆ.

ಹಿಂದಿನ ಸಾಲುಗಳು ಎದ್ದು ನಿಂತು ಚಪ್ಪಾಳೆ ಹೊಡೆದವು, ಸಿಳ್ಳೆ ಹಾಕಿದವು. ನನ್ನ ಅರ್ಥಗಾರಿಕೆಗೆ ಅಂಥ ಚಪ್ಪಾಳೆ ಹಿಂದೆ ಬಿದ್ದಿರಲಿಲ್ಲ, ಮುಂದೆಯೂ ಬೀಳಲಿಲ್ಲ. ಶೀನಣ್ಣ ಕೈಯನ್ನು ತಲೆಯ ಹಿಂದಕ್ಕೆ ಒಯ್ದು ದಾರ ಎಳೆದರು. ಜಾರುಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ರಂಗದ ಮೇಲೆ ರಾಜವೇಷ ಕಿರೀಟ ತೆಗೆಯುವುದುಂಟೇ? ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದೇಬಿಟ್ಟರು. ಶೀನಣ್ಣ ಕಿರೀಟವನ್ನು ಸಿಂಹಾಸನದ ಮೇಲೆ ಇಡಲಿಲ್ಲ. ತಂದು ನನ್ನ ಕೈಗೆ ಕೊಟ್ಟರು.

“ಹಿಡ್ಕೋ. ಭಾರ ಉಂಟು,” ಎಂದರು. ಅರಸನ ದನಿಯಲ್ಲಿ ಅಲ್ಲ, ಶೀನಣ್ಣನ ದನಿಯಲ್ಲಿ.

ಅವರು ರಂಗ ಬಿಟ್ಟು ಹೋದ ಮೇಲೆ ಜನ ಗದ್ದಲ ಮಾಡುತ್ತ ಎದ್ದರು. ಭಟ್ಟರು ತಾಳ ಕೆಳಗಿಟ್ಟು ಹಾಗೇ ಕುಳಿತಿದ್ದರು. ಮಂಗಳ ಹಾಡಲು ಯಾರಿಗೂ ನೆನಪಾಗಲಿಲ್ಲ. ಮಂಗಳ ಹಾಡದೆ ಆಟ ಮುಗಿಯುವುದಿಲ್ಲ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದು ಮುಗಿದಿಲ್ಲ. ನಲ್ಲಿಯಿಂದ ನೀರು ಬೀಳುವಾಗ, ಲಿಫ್ಟು ಇಳಿಯುವಾಗ, ಯಾವುದಾದರೂ ಸದ್ದು ಥಟ್ಟನೆ ನಿಂತಾಗ, ಚೆಂಡೆ ನಿಂತ ಆ ಮೌನ ಮತ್ತೆ ಬರುತ್ತದೆ, ಎದುರಿನ ವೇಷ ನನ್ನ ಮಾತಿಗೆ ಕಾಯುತ್ತ ನಿಂತಿರುತ್ತದೆ.

ಆ ತಿಂಗಳೇ ಶೀನಣ್ಣ ಕೆಲಸ ಬಿಟ್ಟು ಊರಿಗೆ ಹೋದರು. ಅವರ ಕುರ್ಚಿ ನನಗೆ ಸಿಕ್ಕಿತು. ಬೆನ್ನ ಹಿಂದೆ “ದೊರೆ ಬಂದ” ಎನ್ನುವುದನ್ನು ನಾನೂ ಕೇಳಿಸಿಕೊಂಡೆ. ನಮ್ಮ ಹಾಲಿನಲ್ಲಿ ಮತ್ತೆ ಆಟ ನಡೆಯಲಿಲ್ಲ. ಕೆಲವು ವರ್ಷಗಳ ನಂತರ, ನಾನು ಊರಿಗೆ ಮರಳಿದ ಮೇಲೆ, ಅವರು ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ಭಟ್ಟರು ಫೋನು ಮಾಡಿ ಹೇಳಿದರು. ಬಸ್ಸು ಹತ್ತಿದರೆ ಎರಡು ಗಂಟೆಯ ದಾರಿ. ಹೋಗಲಿಲ್ಲ.

ಇಷ್ಟೆಲ್ಲ ಆ ಬಟ್ಟಲಿನ ವಾಸನೆಯಲ್ಲಿತ್ತು. ಮೊಮ್ಮಗಳು ಬಿಳಿ ಮುಖ ಮಾಡಿಕೊಂಡು ಕನ್ನಡಿಯ ಎದುರು ಹುಬ್ಬು ಕುಣಿಸುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ.

ಅಂಗಡಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಹುಡುಗ ನನ್ನನ್ನು ಕಂಡು ನಕ್ಕ. ನಿನ್ನೆ ಬ್ರೆಡ್ಡು ಬಿಟ್ಟು ಹೋದಿರಲ್ಲ ಅಂಕಲ್ ಎಂದು, ತೆಗೆದಿಟ್ಟಿದ್ದನ್ನು ಮುಂದಿಟ್ಟ. ನಿನ್ನ ತಂದೆಯ ಜೊತೆ ಕೆಲಸ ಮಾಡಿದವನು ನಾನು ಎಂದೆ. ಅವನಿಗೆ ಸಂತೋಷವಾಯಿತು, ಸ್ಟೂಲು ಎಳೆದು ಕೊಟ್ಟ.

“ಹಾಗಾದ್ರೆ ನಿಮ್ಗೆ ಶೀನಣ್ಣ ಗೊತ್ತುಂಟಾ? ಬ್ರಹ್ಮಾವರದವರು?”

ಗೊತ್ತು ಎಂದೆ.

“ಅವರು ಪ್ರತಿ ವರ್ಷ ಹಬ್ಬಕ್ಕೆ ಮೊದಲು ನಮ್ಮ ಮನೆಗೆ ಬರ್ತಿದ್ರು. ಬಾಪಾನನ್ನು ಬಿಸಿಲಿಗೆ ಹತ್ತಿಸಿದ್ದು ನಾನು ಅಂತ ಉಮ್ಮನತ್ರ ಅವರೇ ಹೇಳಿದ್ದು. ಮೊದಲ ಸಲ ಉಮ್ಮ ಬಾಗಿಲೇ ತೆಗಿಲಿಲ್ಲ. ಜಗಲಿಯಲ್ಲಿ ಕೂತು ಹೋದ್ರು. ಮತ್ತೆ ಬಂದ್ರು. ಕೊನೆಗೆ ಉಮ್ಮ ಮಾಫ್ ಮಾಡಿದ್ಲು.”

“ಹತ್ತಿಸಿದ್ದು ಅವರಲ್ಲ,” ಎಂದೆ. “ನಾನು. ಒಂದು ಡ್ರಿಲ್ಲು ತರ್ಲಿಕ್ಕೆ.” ಶೀನಣ್ಣ ಹೇಳಿದ್ದು ನಿಜ, ಹೇಳುವಾಗ ಸುಲಭವಾಗಲಿಲ್ಲ. ಹೇಳಿದ ಮೇಲೂ ಆಗಲಿಲ್ಲ.

ಹಿಂದೆ ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಅದು ಥಟ್ಟನೆ ನಿಂತಿತು.

“ನಿಮ್ಮ ಹೆಸರೇನು ಅಂಕಲ್?”

“ವಾಸು.”

ಅವನು ನನ್ನ ಮುಖವನ್ನು ಹೊಸದಾಗಿ ನೋಡಿದ. ಸಿಟ್ಟಿನಿಂದ ಅಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

“ಶೀನಣ್ಣ ಬಂದಾಗೆಲ್ಲ ಹೋಗುವ ಮೊದಲು ಉಮ್ಮನತ್ರ ಒಂದು ಮಾತು ಕೇಳ್ತಿದ್ರು,” ಎಂದ. “ವಾಸು ಅಂತ ಯಾರಾದ್ರೂ ಬಂದಿದ್ರಾ ಅಂತ. ಯಾರು ವಾಸು ಅಂತ ನಮ್ಗೆ ಗೊತ್ತಿರ್ಲಿಲ್ಲ. ಇಲ್ಲ, ಯಾರೂ ಬರ್ಲಿಲ್ಲ ಅಂತ ಉಮ್ಮ ಹೇಳ್ತಿದ್ಲು. ಬರ್ತಾನೆ ಅಂತ ಹೇಳಿ ಅವರು ಹೋಗ್ತಿದ್ರು.”

ಈಗ ಉಮ್ಮ ಎಲ್ಲಿದ್ದಾಳೆ ಎಂದು ಕೇಳಿದೆ. ಕೇಳುವಾಗಲೇ ಉತ್ತರ ತಿಳಿದಿತ್ತು.

“ಹೋದ ವರ್ಷ ತೀರಿಹೋದ್ಲು,” ಎಂದು ಅವನು ಬ್ರೆಡ್ಡನ್ನು ಚೀಲಕ್ಕೆ ಹಾಕಿ ಬಾಯಿ ಗಂಟು ಕಟ್ಟಿ ಕೊಟ್ಟ. ಮೇಲೆ ಬಂದಾಗ ಮೊಮ್ಮಗಳು ರಟ್ಟಿನ ಕಿರೀಟ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು, ನನ್ನನ್ನೇ ಕಾಯುತ್ತ.